ಕೂಗಿದರೆ ಜಾರುವ ಕೆಂಪು

ನನ್ನ ದನಿ ದೊಡ್ಡದು, ಒಪ್ಪಿಕೊಂಡುಬಿಡುತ್ತೇನೆ. ಗದಗಿನ ಕಡೆಯ ನಮ್ಮ ಮನೆತನದಲ್ಲಿ ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳುತ್ತದೆ. ಎಪ್ಪತ್ತರ ದಶಕದ ಕೊನೆಗೆ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದಾಗ, ನಾನು ದಿನಾ ಬೆಳಿಗ್ಗೆ ಹೆಂಡತಿಯ ಜೊತೆ ಜಗಳಾಡುತ್ತೇನೆಂದೇ ಚಾಳಿನವರು ತಿಳಿದಿದ್ದರು. ಪಾಪ, ನಾನು ಚಹಾ ಕೇಳುತ್ತಿದ್ದೆ, ಅಷ್ಟೆ. ಲೋಕಲ್ ಗಾಡಿಯಲ್ಲಿ ಮಾತ್ರ ಈ ದನಿ ಒಂದು ವರ. ಬಾಗಿಲಲ್ಲಿ ಜೋತಾಡುತ್ತಲೇ ಆ ತುದಿಯ ಗೆಳೆಯನ ಕ್ಷೇಮ ವಿಚಾರಿಸಬಹುದು.

ಇಂಥವನಿಗೆ ಸಿಕ್ಕ ಕೆಲಸ ನೋಡಿ! ಠಾಣೆ–ಬೇಲಾಪುರ ರಸ್ತೆಯ ಒಂದು ಪ್ರಯೋಗಾಲಯದಲ್ಲಿ ಲೇಸರನ್ನು ಅಲುಗದಂತೆ ನಿಲ್ಲಿಸುವುದು. ಲೇಸರಿನ ಕೆಂಪು ನಮ್ಮ ಕಣ್ಣಿಗೆ ಒಂದೇ ಕೆಂಪು. ನಿಜವಾಗಿ ಅದು ಗಳಿಗೆಗೊಮ್ಮೆ ಕೂದಲೆಳೆಯಷ್ಟು ಅತ್ತಿತ್ತ ಜಾರುತ್ತಿರುತ್ತದೆ. ಅದನ್ನು ಹಿಡಿಯಲು ಅಂಬರನಾಥದಲ್ಲಿ ಮಾಡಿಸಿದ ಗೇಣುದ್ದದ ಗಾಜಿನ ನಳಿಗೆ, ಅದರೊಳಗೆ ಅಯೋಡಿನ್ ಆವಿ. ಹೌದ್ರೀ, ಮೊಣಕಾಲು ತರಚಿದರೆ ಹಚ್ಚುತ್ತೇವಲ್ಲ, ಅದೇ ಅಯೋಡಿನ್. ಅದರ ಅಣು ಬಲು ಹಟಮಾರಿ. ತನಗೆ ಬೇಕಾದ ಕೆಂಪು ಬಂದರಷ್ಟೇ ಹೀರುತ್ತದೆ, ಚೂರು ಹೆಚ್ಚುಕಮ್ಮಿಯಾದರೂ ಮುಖ ತಿರುಗಿಸುತ್ತದೆ. ಅದು ಹೀರುವ ಜಾಗಕ್ಕೇ ಲೇಸರನ್ನು ಕಟ್ಟಿಹಾಕಬೇಕು. ಮುಂದೊಂದು ದಿನ ಬೆಳಕಿನ ಅಲೆಗಳನ್ನೇ ಎಣಿಸಿ ಸಮಯ ಹೇಳುವ ಗಡಿಯಾರ ಬರುತ್ತದೆ, ಅದಕ್ಕೆ ಇಂಥ ಬೆಳಕೇ ಬೇಕು ಎನ್ನುತ್ತಿದ್ದರು ನಮ್ಮ ಮೇಲಿನವರಾದ ಕಾಮತ್ ಸರ್. ಕೇಳಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು.

ತೊಂದರೆ ಇದ್ದದ್ದೇ ಅಲ್ಲಿ. ಬೆಳಕು ಜಾರದೆ ನಿಂತ ಕೂಡಲೇ ನಾನು ತಡೆಯಲಾರದೆ, "ಹಿಡೀತು ನೋಡ್ರಿ ಸರ್!" ಎಂದು ಕೂಗುತ್ತಿದ್ದೆ. ಆ ಕೂಗಿಗೆ ಲೇಸರಿನ ಕನ್ನಡಿ ನಡುಗಿ, ಹಿಡಿದದ್ದು ಬಿಟ್ಟುಹೋಗುತ್ತಿತ್ತು. ಉಡುಪಿ ಕಡೆಯ ಕಾಮತ್ ಸರ್ ಪಿಸುಮಾತಿನ ಮನುಷ್ಯ. ನಾಲ್ಕನೇ ಸಲ ಹೀಗಾದಾಗ ಮೆಲ್ಲಗೆ ಅಂದರು: "ನಾಳೆ ಅದು ಒಂದು ಗಂಟೆ ನಿಲ್ಲಬೇಕು. ನಿಮ್ಮ ಬಾಯಿಂದ ತಪ್ಪಿತೋ, ನಿಮ್ಮನ್ನು ಸ್ಟೋರಿಗೆ ಹಾಕ್ತೇನೆ ಮಾರಾಯ್ರೇ."

ಸ್ಟೋರಿಗೆ! ಬೆಳಕು ಬಿಟ್ಟು ನಟ್ಟು-ಬೋಲ್ಟು ಕಾಯಲಿಕ್ಕೆ!

ಮರುದಿನ ಬಾಯಿಗೆ ಕರವಸ್ತ್ರ ಬಿಗಿದು ಕುಳಿತೆ. ಬೆಳಕು ನಿಂತಿತು. ಬೆಳಕು ಜಾರಿದರೆ ಎಗರುವ ಯಂತ್ರದ ಪೆನ್ನು ಸುರುಳಿ ಕಾಗದದ ಮೇಲೆ ನೆಟ್ಟಗೆ ಗೀಟೆಳೆಯತೊಡಗಿತು. ಹತ್ತು ನಿಮಿಷ. ಅರ್ಧ ಗಂಟೆ. ಕೂಗು ಗಂಟಲಿಗೆ ಬಂದು ಬಂದು ಹಿಂದೆ ಹೋಗುತ್ತಿತ್ತು. ಎರಡೂ ಕೈಯಲ್ಲಿ ಸ್ಟೂಲನ್ನು ಅವುಚಿ ಹಿಡಿದಿದ್ದೆ. ಐವತ್ತೆಂಟು, ಐವತ್ತೊಂಬತ್ತು. ಗಂಟೆ ತುಂಬಿತು!

"ನಿಂತಿತು ಮಾರಾಯಾ! ನಿಂತೇ ಬಿಟ್ಟಿತು!"

ಕಿಟಕಿ ಅದುರುವಂತೆ ಕೂಗಿದವರು ಕಾಮತ್ ಸರ್. ಪೆನ್ನು ಎಗರಿ ಕಾಗದದ ಅಂಚಿಗೆ ಬಿತ್ತು. ನಾನು ಕರವಸ್ತ್ರದ ಮೇಲೆಯೇ ಬೆರಳಿಟ್ಟು, "ಶ್!" ಎಂದೆ.

ವರದಿಗೆ ಅಂಟಿಸುವಾಗ ಆ ಎಗರಿದ ತುದಿಯನ್ನು ಕತ್ತರಿಸಲೇ ಎಂದು ಕೇಳಿದೆ.

"ಬೇಡ," ಎಂದರು, ಮತ್ತೆ ಅದೇ ಪಿಸುದನಿಯಲ್ಲಿ. "ಅದೂ ಅಳತೆಯೇ."