ಗುರುಗುಟ್ಟುವುದೆಲ್ಲ ಜಗಳವಲ್ಲ: ಗಿನಿಪಿಗ್‌ಗಳ ಮನಸ್ಸು ಬಲ್ಲ ಮುನಿಗಂಗಮ್ಮ

ಬೆಳಗಿನ ಆರು ಗಂಟೆ ಇನ್ನೂ ಆಗಿಲ್ಲ. ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯ ಅಂಚಿನಲ್ಲಿರುವ ತಗಡಿನ ಶೆಡ್ಡಿನೊಳಗೆ ಮುನಿಗಂಗಮ್ಮ ನೆಲದ ಮೇಲೆ ಕೂತಿದ್ದಾರೆ. ತೊಡೆಯ ಮೇಲೆ ದಪ್ಪನೆಯ ಹಳೇ ಟವೆಲ್, ಬಲಗೈಯಲ್ಲಿ ಕಸ ಎತ್ತುವ ಪ್ಲಾಸ್ಟಿಕ್ ಮೊರ. ಅವರ ಮುಂದೆ ರಟ್ಟಿನ ಅಡ್ಡಗೋಡೆ ಕಟ್ಟಿದ ಎಂಟಡಿ ಜಾಗದಲ್ಲಿ ಎರಡು ಗಂಡು ಗಿನಿಪಿಗ್‌ಗಳು ಒಂದನ್ನೊಂದು ಸುತ್ತುತ್ತಿವೆ. ಒಂದು ಪೂರ್ತಿ ಕಪ್ಪು, ಇನ್ನೊಂದು ಕಂದು ಬಣ್ಣದ್ದು. ಕಪ್ಪಿನದು ಸೊಂಟವನ್ನು ಅತ್ತಿತ್ತ ತೂಗುತ್ತ, ಗಂಟಲಲ್ಲಿ ಗುರ್‍ರ್ ಎನ್ನುತ್ತ, ಇಷ್ಟಿಷ್ಟೇ ಹೆಜ್ಜೆ ಇಡುತ್ತಿದೆ. ಕಂದಿನದು ಹಿಂದೆ ಸರಿದು ಕೀಚ್ ಎಂದು ಕೂಗುತ್ತದೆ.

"ಆಂಟಿ, ಕಿತ್ತಾಡ್ತಾವೆ! ಬಿಡಿಸಿ!" ಬಾಗಿಲಲ್ಲಿ ನಿಂತ ನವೀನ್‌ಕುಮಾರ್ ಮುಂದಕ್ಕೆ ಬಂದು ಕೈ ಚಾಚುತ್ತಾರೆ.

"ಕೈ ತೆಗೀರಿ!" ಮುನಿಗಂಗಮ್ಮನ ದನಿಗೆ ಪ್ರಾಣಿಗಳಿಗಿಂತ ಮೊದಲು ಮನುಷ್ಯನೇ ಬೆಚ್ಚುತ್ತಾನೆ. "ಕಿತ್ತಾಡ್ತಿಲ್ಲ ಅವು. ಮಾತಾಡ್ಕೊತಾವೆ. ಕರಿಯ 'ನಾನು ದೊಡ್ಡೋನು' ಅಂತಾನೆ. ಇವ್ನು 'ಆಯ್ತು ಕಣಪ್ಪ, ನೀನೇ ದೊಡ್ಡೋನು' ಅಂತ ಕೂಗ್ತಾನೆ. ನಡುವೆ ನೀವು ಕೈ ಹಾಕಿದ್ರೆ ಮಾತು ಅರ್ಧಕ್ಕೇ ನಿಲ್ತದೆ. ನಾಳೆ ಮತ್ತೆ ಮೊದ್ಲಿಂದ ಶುರು ಮಾಡ್ತಾವೆ, ಇನ್ನೂ ಜೋರಾಗಿ."

ನವೀನ್‌ಕುಮಾರ್ ಹೊಸಕೋಟೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಹಳೇ ಮದ್ರಾಸ್ ರಸ್ತೆಯ ಬದಿಯ ಅಪಾರ್ಟ್‌ಮೆಂಟಿನಲ್ಲಿ ವಾಸ. ಮಗಳ ಹುಟ್ಟುಹಬ್ಬಕ್ಕೆಂದು ಒಂದೇ ತಾಯಿಯ ಈ ಎರಡು ಮರಿಗಳನ್ನು ಕೊಂಡು ತಂದವರು ಅವರೇ. ಮರಿಗಳು ಪ್ರಾಯಕ್ಕೆ ಬಂದು ಗುರುಗುಟ್ಟತೊಡಗಿದ ದಿನವೇ ಹೆದರಿ ಬೇರೆ ಮಾಡಿದರು. ಕಂದಿನದು ನಡುಮನೆಯಲ್ಲಿ ಮಗಳ ಜೊತೆ ಉಳಿಯಿತು. 'ರೌಡಿ' ಎಂದು ಹೆಸರು ಹೊತ್ತ ಕರಿಯ ಬಾಲ್ಕನಿಯ ಬೋನು ಸೇರಿ ನಾಲ್ಕು ತಿಂಗಳು ಒಂಟಿಯಾಗಿ ಕಳೆಯಿತು. ಅಷ್ಟೂ ದಿನ ಕಂಬಿ ಕಚ್ಚಿ ಕಚ್ಚಿ ಅದರ ಮೂತಿಯ ಕೂದಲು ಉದುರಿದೆ. ಈಗ ಅದನ್ನು ಇಲ್ಲೇ ಬಿಟ್ಟುಹೋಗಲು ಬಂದಿದ್ದಾರೆ. ಎರಡನ್ನೂ ತರದಿದ್ದರೆ ಒಳಗೆ ಸೇರಿಸುವುದೇ ಇಲ್ಲ ಎಂದು ಮುನಿಗಂಗಮ್ಮ ಫೋನಿನಲ್ಲೇ ಗದರಿಸಿದ್ದರಿಂದ ಜೊತೆಗೆ ಕಂದಿನದೂ ಬಂದಿದೆ.

"ಗುಂಪಲ್ಲಿ ಬಾಳೋ ಜೀವಾನ ತಂದು ಒಂಟಿ ಹಾಕಿ, ಆಮೇಲೆ ರೌಡಿ ಅಂತಾರೆ," ಎಂದು ಅವರು ಕರಿಯನಿಂದ ಕಣ್ಣು ಕೀಳದೆ ಗೊಣಗುತ್ತಾರೆ. "ನಿಮ್ಮನ್ನ ನಾಲ್ಕು ತಿಂಗಳು ಬಾಲ್ಕನೀಲಿ ಕೂಡಾಕಿದ್ರೆ ನೀವೇನು ಭಜನೆ ಮಾಡ್ತಿದ್ರಾ?"

ನವೀನ್‌ಕುಮಾರ್ ಬಾಗಿಲ ಬಳಿಗೆ ಹಿಂದೆ ಸರಿಯುತ್ತಾರೆ.

ಐವತ್ತೆರಡು ವರ್ಷದ ಮುನಿಗಂಗಮ್ಮ ಓದಿದ್ದು ಆರನೇ ತರಗತಿ. ಪಶುವೈದ್ಯೆ ಡಾ. ಶಶಿರೇಖಾ ನಡೆಸುವ ಈ ಶೆಡ್ಡಿನಲ್ಲಿ ಈಗ ಮೂವತ್ನಾಲ್ಕು ಗಿನಿಪಿಗ್‌ಗಳಿವೆ. ಎಲ್ಲವೂ ಯಾರೋ ಆಸೆಪಟ್ಟು ತಂದು, ಸಾಕಾಗಿ ಬಿಟ್ಟವು. ಅವುಗಳಲ್ಲಿ ಎರಡು, ಕೆರೆಯ ಏರಿ ಮೇಲೆ ಸಿಕ್ಕವು; ಒಂದು ಬಸ್ ನಿಲ್ದಾಣದಲ್ಲಿ ಬಿಸ್ಕತ್ತಿನ ಡಬ್ಬದೊಳಗೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಹನ್ನೆರಡು ಕೆ.ಜಿ. ಹಸಿಹುಲ್ಲು ಕೊಯ್ದು ತರುವುದು, ಪಾಲಿಹೌಸ್ ತೋಟಗಳಲ್ಲಿ ಬೇಡವೆಂದು ಬಿಟ್ಟ ದಪ್ಪ ಮೆಣಸಿನಕಾಯಿ ಹೆಚ್ಚುವುದು, ಹದಿನೆಂಟು ನೀರಿನ ಬಾಟಲಿ ತೊಳೆಯುವುದು, ಇವೆಲ್ಲ ಅವರೇ ಹೇಳುವಂತೆ 'ಯಾರು ಬೇಕಾದ್ರೂ ಮಾಡೋ ಕೆಲಸ'. ಯಾರಿಗೂ ಬಾರದ ಕೆಲಸ ಆಮೇಲಿನದು. ಯಾವುದರ ಜೊತೆ ಯಾವುದು ಬಾಳುತ್ತದೆ ಎಂದು ಕಂಡುಹಿಡಿದು ಅವನ್ನು ಜೋಡಿಸುವುದು. ಡಾಕ್ಟರ್ ಬರೆದಿಟ್ಟ ಪ್ರಕಾರ ಎರಡು ವರ್ಷದಲ್ಲಿ ಅವರು ಅರವತ್ಮೂರು ಜೋಡಿ ಕೂಡಿಸಿದ್ದಾರೆ. ಕೂಡದೆ ಹೋದವು ಹನ್ನೊಂದು ಜೋಡಿ. ಆ ಹನ್ನೊಂದನ್ನೂ ಒಂಟಿ ಬಿಟ್ಟಿಲ್ಲ. ಜಾಲರಿಯ ಆಚೀಚೆ ಇಟ್ಟು, ಮೂಗಿಗೆ ಮೂಗು ಸೋಕುವಂತೆ ಮಾಡಿದ್ದಾರೆ.

ಅವರ ಕ್ರಮ ಸರಳ, ಆದರೆ ಕಟ್ಟುನಿಟ್ಟು. ಜೋಡಿಸುವ ಜಾಗದಲ್ಲಿ ಯಾರ ವಾಸನೆಯೂ ಇರಬಾರದು, ಆದ್ದರಿಂದ ಮೊದಲು ವಿನಿಗರ್ ನೀರಿನಿಂದ ಒರೆಸುತ್ತಾರೆ. ಹುಲ್ಲಿನ ಗುಡ್ಡೆ ಎರಡು, ನೀರು ಎರಡು ಕಡೆ. ಅವಿತುಕೊಳ್ಳಲು ಪೆಟ್ಟಿಗೆ ಇಟ್ಟರೆ ಅದಕ್ಕೆ ಎರಡು ಬಾಗಿಲು ಇರಲೇಬೇಕು. ಮೂಗು ಮೇಲಕ್ಕೆತ್ತಿ ನಿಂತರೆ ಎತ್ತರ ಅಳೆಯುತ್ತಿವೆ ಎಂದು ಅರ್ಥ, ಕೊನೆಗೆ ಒಂದು ತಲೆ ತಗ್ಗಿಸುತ್ತದೆ. ಬೆನ್ನ ಮೇಲೆ ಹತ್ತಿದರೂ ಅಟ್ಟಿಸಿಕೊಂಡು ಓಡಿದರೂ ಸುಮ್ಮನಿರಬೇಕು. ಹಲ್ಲು ಕಟಕಟ ಎಂದರೆ ಎಚ್ಚರವಾಗಬೇಕು. ಎರಡೂ ಎದುರುಬದುರು ನಿಂತು ಕತ್ತಿನ ಕೂದಲು ನಿಗುರಿಸಿ ಹಲ್ಲು ಕಡಿದರೆ ಮೊರ ನಡುವೆ ಇಳಿಯುತ್ತದೆ. ರಕ್ತ ಬಂದರೆ ಅಂದಿಗೆ ಆಟ ಮುಗಿಯಿತು.

"ಯಜಮಾನ ಅಂದ್ರೆ ಕಚ್ಚೋನು ಅಂತ ಜನ ತಿಳ್ಕೊಂಡವ್ರೆ," ಎನ್ನುತ್ತಾರೆ ಮುನಿಗಂಗಮ್ಮ. "ಒಳ್ಳೇ ಯಜಮಾನ ಕಚ್ಚೋದೇ ಇಲ್ಲ. ಸೊಂಟ ಅಲ್ಲಾಡಿಸಿದ್ರೆ ಸಾಕು, ಮಿಕ್ಕೋವು ಜಾಗ ಬಿಡ್ತಾವೆ. ಕಚ್ಚತದೆ ಅಂದ್ರೆ ಅದಕ್ಕೆ ಜಾಗ ಸಾಲ್ತಿಲ್ಲ, ಇಲ್ಲ ಭಯ ಆಗೈತೆ. ಅಷ್ಟೇಯ."

ಈ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಲಿಲ್ಲ. ಕಲಿತ ಜಾಗದಲ್ಲಿ ಅದಕ್ಕೆ ಸಿಕ್ಕಿದ್ದು ಅವಮಾನ.

ಒಂಬತ್ತು ವರ್ಷ ಅವರು ತಾಲ್ಲೂಕಿನ ಖಾಸಗಿ ಶಾಲೆಯೊಂದರಲ್ಲಿ ಆಯಾ ಆಗಿದ್ದರು. ಮಕ್ಕಳಲ್ಲಿ ಪ್ರಾಣಿದಯೆ ಬೆಳೆಸುತ್ತೇವೆಂದು ಶಾಲೆಯವರು ಮೆಟ್ಟಿಲ ಕೆಳಗೆ ಒಂದು ಬೋನಿಟ್ಟು ಎರಡು ಗಿನಿಪಿಗ್ ತಂದರು. ಎರಡೂ ಹೆಣ್ಣು ಎಂದು ಮಾರಿದವನು ಹೇಳಿದ್ದ. ಅವುಗಳಲ್ಲೊಂದು ಗಂಡು. ವರ್ಷ ತುಂಬುವುದರೊಳಗೆ ಅದೇ ಬೋನಿನಲ್ಲಿ ಹತ್ತು ಜೀವಗಳಾದವು. ಬೋನು ತೊಳೆಯುವ ಕೆಲಸ ಮುನಿಗಂಗಮ್ಮನ ಪಾಲಿಗೆ ಬಂತು. ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚಿಕೊಂಡು ಬೋನಿನ ಎದುರೇ ಕೂರತೊಡಗಿದರು. ಯಾವುದು ಯಾವುದಕ್ಕೆ ದಾರಿ ಬಿಡುತ್ತದೆ, ಯಾವುದು ಯಾವಾಗ ಕೂಗುತ್ತದೆ, ಯಾವುದು ಹುಲ್ಲಿನ ಬಳಿಗೇ ಬರುವುದಿಲ್ಲ ಎಂಬುದೆಲ್ಲ ಆರು ತಿಂಗಳಲ್ಲಿ ಅವರಿಗೆ ಬಾಯಿಪಾಠವಾಯಿತು.

ಬೋನಿನಲ್ಲಿದ್ದ ಗಂಡುಗಳು ಮೂರು. ಹೆಣ್ಣುಗಳ ನಡುವೆ ಮೂರು ಗಂಡು ಬಾಳಲಾರವು ಎಂದು ಅವರು ಶಾಲೆಯ ಆಡಳಿತ ನೋಡಿಕೊಳ್ಳುವ ಮೇಡಂಗೆ ಹೇಳಿದರು. ಎಲ್ಲಕ್ಕಿಂತ ಚಿಕ್ಕ ಗಂಡಿನ ಬೆನ್ನ ಮೇಲಿದ್ದ ಹಲ್ಲಿನ ಗಾಯವನ್ನೂ ತೋರಿಸಿದರು. ಅಂದಿನ ಉತ್ತರ ಅವರಿಗೆ ಅಕ್ಷರಶಃ ನೆನಪಿದೆ.

"'ನಿನ್ನ ಕೆಲ್ಸ ಗಲೀಜು ತೆಗೆಯೋದು, ಪಾಠ ಹೇಳೋದಲ್ಲ' ಅಂದ್ರು. ಮಕ್ಕಳ ಮುಂದೇನೇ ಅಂದ್ರು."

ವಾರ್ಷಿಕೋತ್ಸವ ಬಂತು. ಬೋನಿಗೆ ರಿಬ್ಬನ್ ಸುತ್ತಿದರು. ಒಳಗೆ ಮರದ ಪುಟ್ಟ ಮನೆಯೊಂದನ್ನು ಇಟ್ಟರು. ನೋಡಲು ಚೆಂದವಿತ್ತು, ಒಂದೇ ಬಾಗಿಲಿತ್ತು. "ಚಿಕ್ಕದು ಒಳಕ್ಕೆ ಓಡ್ತದೆ, ದೊಡ್ಡದು ಬಾಗಿಲಿಗೆ ಅಡ್ಡ ನಿಲ್ತದೆ, ಆಮೇಲೆ ಅದಕ್ಕೆ ಹೊರಕ್ಕೆ ದಾರಿ ಇಲ್ಲ" ಎಂದು ಮುನಿಗಂಗಮ್ಮ ಮತ್ತೊಮ್ಮೆ ಹೇಳಿದರು. ಮರುದಿನದಿಂದ ಸಾಲಾಗಿ ಮೂರು ದಿನ ರಜೆ. ನೋಡಿಕೊಂಡು ಹೋಗುತ್ತೇನೆಂದು ಎರಡನೇ ದಿನ ಅವರು ಬಸ್ಸು ಹಿಡಿದು ಹೋದರೆ, ಕಾವಲುಗಾರ ಗೇಟು ತೆಗೆಯಲಿಲ್ಲ. ರಜೆಯಲ್ಲಿ ಆಯಾಗಳನ್ನು ಬಿಡಬೇಡ ಎಂದು ಅವನಿಗೆ ಹೇಳಲಾಗಿತ್ತು.

ಸೋಮವಾರ ಬೆಳಗ್ಗೆ ಚಿಕ್ಕ ಗಂಡು ಆ ಮರದ ಮನೆಯೊಳಗೆ ಸತ್ತು ಬಿದ್ದಿತ್ತು. ಬೆನ್ನು, ಸೊಂಟದ ತುಂಬ ಗಾಯ. ನೀರಿನ ಬಾಟಲಿ ಅದಕ್ಕಿಂತ ಎರಡು ಗೇಣು ದೂರದಲ್ಲಿತ್ತು. ಮುನಿಗಂಗಮ್ಮ ಯಾರನ್ನೂ ಕೇಳಲಿಲ್ಲ. ಉಳಿದ ಒಂಬತ್ತನ್ನು ಹೊರತೆಗೆದು ಮೂರು ರಟ್ಟಿನ ಪೆಟ್ಟಿಗೆಗಳಲ್ಲಿ ಹಂಚಿ, ಕೊತ್ತಂಬರಿ ಸೊಪ್ಪು ಹಾಕಿ, ಪಶು ಆಸ್ಪತ್ರೆಗೆ ಕಳಿಸಿ ಎಂದು ಪಟ್ಟುಹಿಡಿದರು. ಸತ್ತದ್ದರ ಜೊತೆಗೇ ಪೆಟ್ಟಿಗೆಗಳು ಆಸ್ಪತ್ರೆಗೆ ಹೋದವು. ಸಂಜೆಯೊಳಗೆ ಇವರೂ ಶಾಲೆಯಿಂದ ಹೊರಬಿದ್ದರು. ಆಯಾ ಬೋನಿನ ಬಾಗಿಲು ಹಾಕಲು ಮರೆತಳು, ಬೆಕ್ಕು ನುಗ್ಗಿತು ಎಂದು ಶಾಲೆ ಪ್ರತಿ ತರಗತಿಯಲ್ಲೂ ಮಕ್ಕಳಿಗೆ ಹೇಳಿಸಿತು.

ಇಲ್ಲಿಗೆ ಬಂದಾಗ ಮುನಿಗಂಗಮ್ಮ ತೊಡೆಯ ಮೇಲಿನ ಟವೆಲ್ ಮಡಚಿಡುತ್ತಾರೆ. "ಕೆಲ್ಸ ಹೋಗಿದ್ದಕ್ಕೆ ಅಳಲಿಲ್ಲ. ಎಲ್ಕೇಜಿಯಿಂದ ಎತ್ತಿ ಆಡಿಸಿದ ಮಕ್ಕಳು ಗೇಟಿನ ಹತ್ರ ನನ್ನ ನೋಡಿ ಮುಖ ತಿರುಗಿಸ್ಕೊಂಡ್ರು. ಆ ಉರಿ ಇವತ್ತಿಗೂ ಆರಿಲ್ಲ."

ಸತ್ತದ್ದನ್ನೂ ಗಾಯಗೊಂಡವನ್ನೂ ಪರೀಕ್ಷಿಸಿದವರು ಡಾ. ಶಶಿರೇಖಾ. "ಅವು ಬೆಕ್ಕಿನ ಗಾಯಗಳಲ್ಲ. ಗಿನಿಪಿಗ್‌ಗಳದ್ದೇ ಹಲ್ಲಿನ ಗುರುತು. ಶಾಲೆಗೆ ಬರೆದು ಕೊಟ್ಟೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ," ಎನ್ನುತ್ತಾರೆ ಅವರು. ಡಾಕ್ಟರ ಗಮನ ಸೆಳೆದದ್ದು ಆ ಮೂರು ಪೆಟ್ಟಿಗೆಗಳು. ಜಗಳವಾಡುವ ಎರಡು ಗಂಡುಗಳು ಬೇರೆ ಬೇರೆ ಪೆಟ್ಟಿಗೆಯಲ್ಲಿ, ಬಸುರಿಗಳು ಒಟ್ಟಿಗೆ, ಹೆದರಿದ ಮರಿಯೊಂದು ತಾಯಿಯ ಪಕ್ಕದಲ್ಲಿ. "ನಾನು ಗಂಟೆಗಟ್ಟಲೆ ನೋಡಿ ಮಾಡಬೇಕಾದ ವಿಂಗಡಣೆ ಅದು. ಯಾರು ಮಾಡಿದ್ದು ಅಂದ್ರೆ ಪೆಟ್ಟಿಗೆ ತಂದ ಶಾಲೆ ಡ್ರೈವರ್ 'ಯಾರೋ ಆಯಾ, ಮೇಡಂ, ಇವತ್ತೇ ತೆಗೆದುಹಾಕಿದ್ರು' ಅಂದ. ವಿಳಾಸ ಹುಡುಕಿಕೊಂಡು ನಾನೇ ಅವರ ಮನೆಗೆ ಹೋದೆ."

ಆ ವಿಳಾಸ ಸಿಗುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು. ಅಷ್ಟರೊಳಗೆ ಸುತ್ತಲಿನ ಮೂರು ಶಾಲೆಗಳು ಮುನಿಗಂಗಮ್ಮನನ್ನು ಬಾಗಿಲಿನಿಂದಲೇ ಕಳಿಸಿದ್ದವು. ಈಗಲೂ ಊರಿನಲ್ಲಿ ಅವರ ಹೆಸರು 'ಇಲಿ ಗಂಗಮ್ಮ'. ಡೇರಿಗೆ ಹಾಲು ಹಾಕಲು ಹೋಗುವ ಪತಿ ವೆಂಕಟರಮಣಪ್ಪ ಮೊದಲು ಈ ಮಾತಿಗೆ ತಲೆತಗ್ಗಿಸುತ್ತಿದ್ದರು. ಈಗ ಹಸುವಿಗೆ ಹುಲ್ಲು ಕೊಯ್ಯುವಾಗ ಇವಕ್ಕೂ ಎಳೆಯ ಗರಿಕೆ ಆರಿಸಿ ತರುತ್ತಾರೆ. ನೆಲದ ಮೇಲೆ ಕೂತೂ ಕೂತೂ ಮುನಿಗಂಗಮ್ಮನ ಮಂಡಿ ಊದಿದೆ. ಎಡಗೈ ಹೆಬ್ಬೆರಳಿನಲ್ಲಿ ಹಳೆಯ ಕಡಿತದ ಕಲೆಯಿದೆ. ಟವೆಲ್ ಇಲ್ಲದೆ ಕೈ ಹಾಕಬಾರದು ಎಂದು ಕಲಿತದ್ದು ಆವತ್ತು.

ಎಂಟೂವರೆ ಹೊತ್ತಿಗೆ ಶೆಡ್ಡಿನಲ್ಲಿ ಗದ್ದಲ ತಗ್ಗಿದೆ. ಮೊರ ಒಂದೇ ಒಂದು ಸಲ ಕೆಳಗಿಳಿದಿತ್ತು, ರಕ್ತ ಬರಲಿಲ್ಲ. ಕರಿಯ ಹುಲ್ಲಿನ ಗುಡ್ಡೆಗೆ ಬಾಯಿ ಹಾಕಿದೆ. ಕಂದಿನದು ದೂರದಿಂದ ನೋಡಿ, ಬಳಸಿ ಬಂದು, ಅದೇ ಗುಡ್ಡೆಯ ಇನ್ನೊಂದು ತುದಿಯಿಂದ ಒಂದು ಎಸಳು ಎಳೆಯುತ್ತದೆ. ಕರಿಯ ತಲೆ ಎತ್ತುತ್ತದೆ, ಸುಮ್ಮನೆ ಮತ್ತೆ ಮೇಯುತ್ತದೆ. ಹತ್ತು ನಿಮಿಷ ಕಳೆದ ಮೇಲೆ ಕಾಲು ಚಾಚಿ ಮಲಗುತ್ತದೆ.

"ಅಬ್ಬ! ಸರಿ ಹೋದ್ವು," ನವೀನ್‌ಕುಮಾರ್ ನಕ್ಕು ಕಾರಿನಿಂದ ಬೋನು ತರುತ್ತಾರೆ. ಅಂಗಡಿಯವನು ಮರಿಗಳ ಜೊತೆಗೆ ಕೊಟ್ಟ ಬೋನು, ಹೆಚ್ಚೆಂದರೆ ಎರಡಡಿ ಉದ್ದ.

ಮುನಿಗಂಗಮ್ಮ ಎದ್ದು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. "ಇದಕ್ಕೆ ನಾನು ಕೊಡಲ್ಲ."

"ಆಂಟಿ, ಅವು ನನ್ನವು."

"ನಿಮ್ಮವೇ. ಅದಕ್ಕೇ ಹೇಳ್ತಿರೋದು. ಇದರೊಳಗೆ ಹಾಕಿದ್ರೆ ಸಂಜೆಗೆ ಮತ್ತೆ ರೌಡಿ ಆಯ್ತದೆ. ಹೋಗಿ, ಎಂಟಡಿ ಜಾಗ ಮಾಡಿ ಬನ್ನಿ. ಅಲ್ಲೀವರೆಗೂ ಇಲ್ಲೇ ಇರ್ತಾವೆ."

ನವೀನ್‌ಕುಮಾರ್ ಮುಖ ಕೆಂಪಾಗುತ್ತದೆ. ಡಾಕ್ಟರಿಗೆ ಫೋನ್ ಮಾಡುತ್ತಾರೆ. ಆ ಕಡೆಯಿಂದ ಬಂದ ಉತ್ತರ ಚಿಕ್ಕದಿರಬೇಕು, ಅರ್ಧ ನಿಮಿಷದಲ್ಲಿ ಫೋನ್ ಜೇಬು ಸೇರುತ್ತದೆ. ಬೋನನ್ನು ಕಾರಿಗೆ ಎಸೆದು ಹೊರಡುತ್ತಾರೆ. ಮಂಗಳವಾರ ಸಂಜೆ ಮಗಳ ಕೋಣೆಯ ಒಂದು ಗೋಡೆಯ ಉದ್ದಕ್ಕೂ ತಡೆ ಕಟ್ಟಿದ ಫೋಟೊ ಬರುತ್ತದೆ. ಹುಲ್ಲು ಎರಡು ಕಡೆ, ನೀರು ಎರಡು ಕಡೆ. ಬುಧವಾರ ಕರಿಯ ಮತ್ತು ಕಂದು ಒಂದೇ ಪೆಟ್ಟಿಗೆಯಲ್ಲಿ ಮನೆಗೆ ಹೋಗುತ್ತವೆ.

ಅದೇ ವಾರ ಮುನಿಗಂಗಮ್ಮನಿಗೆ ಇನ್ನೊಂದು ಕರೆ ಬರುತ್ತದೆ, ಅವರನ್ನು ಹೊರಹಾಕಿದ ಶಾಲೆಯಿಂದ. ಹೊಸದಾಗಿ ಆರು ಗಿನಿಪಿಗ್ ತಂದಿದ್ದಾರೆ, ಕಚ್ಚಾಡುತ್ತಿವೆ, ಅರ್ಧ ದಿನದ ಮಟ್ಟಿಗೆ ಬಂದು ನೋಡಿ ಹೋಗಬಹುದೇ ಎಂದು ಅದೇ ಮೇಡಂ ಕೇಳುತ್ತಾರೆ. ಈ ಸಲ 'ನೀವು' ಎನ್ನುತ್ತಾರೆ.

"ಬರ್ತೀನಿ," ಎನ್ನುತ್ತಾರೆ ಮುನಿಗಂಗಮ್ಮ. "ಅದಕ್ಕೆ ಮುಂಚೆ ಬೆಳಗ್ಗೆ ಪ್ರಾರ್ಥನೇಲಿ ಮಕ್ಕಳ ಮುಂದೆ ಒಂದು ಮಾತು ಹೇಳಿ. ಬಾಗಿಲು ನಾನು ತೆಗೆದಿಟ್ಟಿರಲಿಲ್ಲ ಅಂತ."

ಆಚೆ ಕಡೆಯಿಂದ ಕೇಳಿ ಹೇಳುತ್ತೇವೆ ಎಂದು ಕರೆ ಕಟ್ಟಾಗುತ್ತದೆ.

ಮುನಿಗಂಗಮ್ಮ ಫೋನು ಹಿಡಿದೇ ಶೆಡ್ಡಿನಲ್ಲಿ ಎರಡು ಸುತ್ತು ಹಾಕುತ್ತಾರೆ. ಆಮೇಲೆ ತಾವೇ ತಿರುಗಿ ಕರೆ ಮಾಡುತ್ತಾರೆ. ಗಂಡು ಎಷ್ಟು, ಹೆಣ್ಣು ಎಷ್ಟು, ಯಾರ ಮೈಮೇಲೆ ಗಾಯವಿದೆ, ಯಾವುದು ಮೂಲೆ ಬಿಟ್ಟು ಬರುತ್ತಿಲ್ಲ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡು, ಇವತ್ತೇ ಯಾವುದನ್ನು ಎಲ್ಲಿಗೆ ಸರಿಸಬೇಕೆಂದು ಇಪ್ಪತ್ತು ನಿಮಿಷ ಬಿಡಿಸಿ ಹೇಳುತ್ತಾರೆ. ಮೇಡಂ ಧನ್ಯವಾದ ಹೇಳುವ ಮೊದಲೇ ಫೋನು ಇಡುತ್ತಾರೆ.

"ಅವ್ರಿಗೋಸ್ಕರ ಹೇಳ್ಲಿಲ್ಲ ನಾನು. ಆ ಆರು ಜೀವಕ್ಕೆ ಹೇಳಿದ್ದು," ಎನ್ನುತ್ತ ಕೊತ್ತಂಬರಿ ಕಂತೆ ಬಿಚ್ಚುತ್ತಾರೆ. ಸಿಟ್ಟು ದನಿಯಲ್ಲಿ ಹಾಗೇ ಇದೆ. "ನನ್ನ ಮಾತು ನಾನು ವಾಪಸ್ ತಗೊಂಡಿಲ್ಲ. ಆ ಮಕ್ಕಳ ಮುಂದೆ ಹೇಳ್ಳಿ. ಅಲ್ಲೀಗಂಟ ಆ ಗೇಟು ದಾಟಲ್ಲ."