ಬಲಗೈಗೆ ಆರು ಮೂಲೆಯ ಆಟ

ಮನಸ್ಸಿಗೆ ನೆಮ್ಮದಿ ಕೊಡುವ ಮೊಬೈಲ್ ಆಟವಂತೆ. ನನಗಂತೂ ಅದನ್ನು ತೆರೆದರೆ ಸಾಕು, ವಾಕರಿಕೆ ಬರುತ್ತಿತ್ತು. ಹಿಂದೆ ನೀರು ಹರಿಯುವ ಸದ್ದು, ನಡುವೆ ಜೇನುಗೂಡಿನಂಥ ಆರು ಮೂಲೆಯ ಖಾಲಿ ಮನೆಗಳು, ಕೆಳಗೆ ಗುಲಾಬಿ, ಹಳದಿ, ಹಸಿರು ತುಂಡುಗಳು. ಒಂದೊಂದು ತುಂಡನ್ನೂ ಬೆರಳಿನಿಂದ ಎಳೆದು ಹೊಂದುವ ಜಾಗಕ್ಕೆ ತರಬೇಕು, ಬೆರಳೆತ್ತಬೇಕು. ಅಷ್ಟೇ. ಸಾಲು ತುಂಬಿದರೆ ಅದು ಮಾಯವಾಗಿ, ಒಂದು ಹೆಣ್ಣು ದನಿ ನನ್ನನ್ನು ಎಳೆಮಗುವಿನಂತೆ ಹೊಗಳುತ್ತಿತ್ತು.

ಕಳೆದ ಮಳೆಗಾಲದಲ್ಲಿ ನನಗೆ ಲಕ್ವಾ ಹೊಡೆಯಿತು. ಕಾಲು ಬೇಗ ಬಂತು, ಮಾತೂ ಬಂತು. ಬಲಗೈ ಮಾತ್ರ ಯಾರದ್ದೋ ಹೆಣದ ಕೈಯನ್ನು ತಂದು ಹೊಲಿದ ಹಾಗೆ ಜೋತುಬಿದ್ದಿತ್ತು. ಜೇವರ್ಗಿಯಲ್ಲಿ ಬ್ಲೌಸ್ ಹೊಲಿಯುವವಳು ನಾನು. ಕತ್ತರಿ ಹಿಡಿಯದ ಕೈ ನನ್ನ ಲೆಕ್ಕದಲ್ಲಿ ಕೈಯೇ ಅಲ್ಲ. ಬೆರಳು ಸದಾ ಆಡುತ್ತಿರಲಿ ಎಂದು ಕಲಬುರ್ಗಿಯ ಡಾಕ್ಟರು ಹೇಳಿದ್ದಕ್ಕೆ ಮಗಳು ತನ್ನ ಹಳೆಯ ಮೊಬೈಲಿನಲ್ಲಿ ಈ ಆಟ ಹಾಕಿಕೊಟ್ಟಳು.

ಕೆಲವು ವಾರಗಳಲ್ಲಿ ಬೆರಳು ಒತ್ತುವುದನ್ನು ಕಲಿಯಿತು, ಎಳೆಯುವುದನ್ನೂ ಕಲಿಯಿತು. ಎತ್ತಿ ಬಿಡುವುದು ಮಾತ್ರ ಬರಲಿಲ್ಲ. ಸರಿಯಾದ ಮನೆಗೆ ತಂದ ತುಂಡು ಬೆರಳಿಗೆ ಅಂಟಿಕೊಂಡೇ ಮುಂದೆ ಜಾರಿ ಇನ್ನೆಲ್ಲೋ ಕೂರುತ್ತಿತ್ತು. ಸೊಟ್ಟ ಬಾಯಿಯಿಂದ ಜೊಲ್ಲು ಪರದೆಯ ಮೇಲೆ ಬೀಳುತ್ತಿತ್ತು. ಅದನ್ನು ಸೆರಗಿನಿಂದ ಒರೆಸುವಾಗ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತಿತ್ತು.

ಮಾತಾಡಿಸಲು ಬಂದವರೂ ಸುಮ್ಮನಿರುತ್ತಿರಲಿಲ್ಲ. ಒಬ್ಬರೇ ಆಡುವ ಆಟ ಎಂಬುದು ನಮ್ಮ ಜನಕ್ಕೆ ಅರ್ಥವಾಗುವುದೇ ಇಲ್ಲ. ಆಳಂದದಿಂದ ಬಂದ ನನ್ನ ಅಣ್ಣ ತಂಬಾಕು ತಿಕ್ಕಿದ ಬೆರಳನ್ನು ನೇರ ಪರದೆಯ ಮೇಲಿಟ್ಟ.

"ಇಲ್ಲಿ ಕುಂದ್ರತದ ನೋಡವಾ ತಂಗಿ. ನೀ ಯಾಕ ತ್ರಾಸ ಮಾಡ್ಕೊಂತಿ?"

ಸುಣ್ಣದ ಗೆರೆ ಎಳೆದು ತುಂಡು ಕೂರಿಸಿದ. ಮೊಬೈಲಿನ ಹೆಣ್ಣು ಅವನನ್ನೂ ಹೊಗಳಿದಳು. ಇಬ್ಬರನ್ನೂ ಒಟ್ಟಿಗೆ ಹಿಡಿದು ಬಾವಿಗೆ ಎಸೆಯಬೇಕೆನಿಸಿತು.

ಅತ್ತೆಗೆ ಈ ಆಟದ ಮೇಲೆ ನಂಬಿಕೆಯೇ ಇರಲಿಲ್ಲ. ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಹೆಂಗಸು ಯಡ್ರಾಮಿ ಕಡೆಯ ಔಷಧದವನನ್ನು ಕರೆಸಿದರು. ಲಕ್ವಾಕ್ಕೆ ಪಾರಿವಾಳದ ಬಿಸಿ ರಕ್ತ ತಿಕ್ಕಬೇಕೆಂಬುದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು. ಅವನು ಹಿತ್ತಲಲ್ಲಿ ಹಕ್ಕಿ ಕೊಯ್ದ. ಅತ್ತೆ ಮೂಗಿಗೆ ಸೆರಗು ಮುಚ್ಚಿಕೊಂಡೇ ನನ್ನ ಭುಜದಿಂದ ಬೆರಳಿನವರೆಗೆ ತಿಕ್ಕಿದರು.

"ಹೊಲಸ ಅನಸ್ತದ್ರಿ ಅತ್ತಿ, ಸಾಕ್ರಿ."

"ಸುಮ್ನ ಕೂಡು ಬೇ. ನಿನ್ನ ಕೈ ಬಂದ್ರ ಸಾಕ ನನಗ."

ಒಣಗಿದ ರಕ್ತ ಚರ್ಮದ ಮೇಲೆ ಹಕ್ಕಳೆಗಟ್ಟಿತು. ಉಗುರಿನ ಸಂದಿಯ ನಾತ ಎಷ್ಟು ತೊಳೆದರೂ ಹೋಗಲಿಲ್ಲ. ಆ ಬೆರಳಲ್ಲೇ ಮತ್ತೆ ಗುಲಾಬಿ, ಹಳದಿ, ಹಸಿರು. ಆದರೂ ಆಡಿದೆ. ಕತ್ತರಿಯ ಆಸೆ ಅಂಥದ್ದು. ಕಡೆಗೊಂದು ಬೆಳಿಗ್ಗೆ ಬೆರಳು ಮಡಚಿಕೊಂಡು ಮೊಬೈಲನ್ನೇ ಹಿಡಿದು ಎತ್ತಿತು. ನಾನು ಅತ್ತುಬಿಟ್ಟೆ. ಅತ್ತೆಯೂ ಅತ್ತರು. ಅವರು ಪಾರಿವಾಳದ ಗುಣ ಎಂದರು. ನಾನು ಆಟದ್ದು ಎನ್ನಲು ಹೋಗಲಿಲ್ಲ.

ಆ ವಾರವೇ ಔಷಧದವನು ಬುಟ್ಟಿಯಲ್ಲಿ ಇನ್ನೊಂದು ಪಾರಿವಾಳ ತಂದ.

"ಈ ಸಲ ಬ್ಯಾನಿ ಇದ್ದ ಕೈಲೇ ಹಿಡೀಬೇಕ್ರಿ ಅಕ್ಕಾ. ಆಗ ಪೂರಾ ಬಿಟ್ಟು ಹೋಗ್ತದ."

ನಾನು ಒಲ್ಲೆ ಎನ್ನುವಷ್ಟರಲ್ಲಿ ಹಕ್ಕಿಯನ್ನು ಅಂಗೈಯಲ್ಲಿಟ್ಟ. ಬೆರಳು ಮುಚ್ಚಿಕೊಂಡವು. ಅಷ್ಟು ತಿಂಗಳು ಸೂಜಿ ಚುಚ್ಚಿದರೂ ಏನೂ ತಿಳಿಯದಿದ್ದ ಕೈಗೆ ಅದು ಬೆಚ್ಚಗಿರುವುದು ತಿಳಿಯಿತು, ರೆಕ್ಕೆಯ ಕೆಳಗೆ ಡವಡವ ಬಡಿಯುವುದು ತಿಳಿಯಿತು. ಕೈ ಬಂದಿತ್ತು. ಇನ್ನು ಈ ಹೊಲಸು ಬೇಡ, ಹಕ್ಕಿಯನ್ನು ಬಿಟ್ಟುಬಿಡೋಣ ಎಂದುಕೊಂಡೆ. ಬೆರಳು ಬಿಚ್ಚಲಿಲ್ಲ. ಎಡಗೈಯಿಂದ ಕಿರುಬೆರಳು ಎಬ್ಬಿಸಿದೆ. ಉಳಿದವು ಇನ್ನೂ ಬಿಗಿದವು.

"ತಡೀರಿ, ಕೊಯ್ಯಬ್ಯಾಡ್ರಿ!" ಎಂದು ಚೀರಿದೆ. ಹೆದರಿದ್ದಾಳೆಂದುಕೊಂಡು ಅವನು ಬೇಗ ಬೇಗ ಚಾಕು ಆಡಿಸಿದ. ರಕ್ತ ಬಿಸಿಬಿಸಿಯಾಗಿ ಮಣಿಕಟ್ಟಿಗೆ ಇಳಿದಾಗಲೂ ನನ್ನ ಬೆರಳು ಬಿಗಿದೇ ಇದ್ದವು.

ಅತ್ತೆ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದರು: "ಎಷ್ಟ ಗಟ್ಟಿ ಹಿಡದಾಳ ಬಂದು ನೋಡ್ರಿ!"