ಹಿತ್ತಲ ಬಾಗಿಲ ಚಿಲಕ

ಹಳ್ಳದ ನೀರು ಹಿತ್ತಲ ಹೊಸ್ತಿಲು ಮುಟ್ಟಿದಾಗ ನಾನು ಮನೆಯ ಹಿಂದಿನ, ಮುಂದಿನ ಎರಡೂ ಬಾಗಿಲು ಹಾಕಿ, ಸಂದಿಗಳಿಗೆ ಹಸಿಮಣ್ಣು ಮೆತ್ತುತ್ತಿದ್ದೆ. ಕಲಬುರ್ಗಿಯಿಂದ ಕಮಲಾಪುರದ ಸರ್ಕಾರಿ ಶಾಲೆಗೆ ಮಾಸ್ತರನಾಗಿ ಬಂದು ತಿಂಗಳಾಗಿತ್ತಷ್ಟೆ. ಪಕ್ಕದ ಮನೆಯ ಅಜ್ಜಿ ಮೊಣಕಾಲುದ್ದ ನೀರಿನಲ್ಲಿ ಬಂದು ಹಿತ್ತಲ ಬಾಗಿಲು ಗುದ್ದಿದಳು.

“ಮಾಸ್ತರ್, ಎರಡೂ ಬಾಗಿಲಾ ತೆಗೀರಿ! ನೀರು ಹಿಂದಿಂದ ಬಂದು ಮುಂದ ಹೋಗ್ತದ. ತಡದ್ರ ಗ್ವಾಡಿ ಬೀಳ್ತಾವ್ರಿ!”

ಹೆದರುತ್ತಲೇ ತೆಗೆದೆ. ಹಿತ್ತಲಿಂದ ನುಗ್ಗಿದ ನೀರು ನಡುಮನೆ ಹಾದು ಬೀದಿಗಿಳಿಯಿತು. ಅಜ್ಜಿ ನನ್ನ ಶಾಲೆಯ ಕಾಗದಪತ್ರಗಳ ದಫ್ತರವನ್ನು ತಲೆಯ ಮೇಲೆ ಹೊತ್ತು, ಬೀಗರನ್ನು ಸಾಗಹಾಕುವವಳಂತೆ ಬಾಗಿಲಲ್ಲಿ ನಿಂತಿದ್ದಳು. ಸಂಜೆಗೆ ನೀರಿಳಿಯಿತು. ಮಣ್ಣಿನ ಗೋಡೆಗಳು ನಿಂತೇ ಇದ್ದವು.

ಈಗ ಕಲಬುರ್ಗಿಯ ಗಾಜಿಪುರದ ಎತ್ತರದಲ್ಲಿ ಕಲ್ಲಿನ ಮನೆಯಲ್ಲಿದ್ದೇನೆ. ಮಳೆ ಜೋರಾದರೆ ಮನೆಮಂದಿಯೆಲ್ಲ ಬಾಗಿಲು ಹಾಕಲು ಓಡುತ್ತಾರೆ; ನಾನು ಇಂದಿಗೂ ಹಿತ್ತಲ ಚಿಲಕ ತೆಗೆಯಲು ಓಡುತ್ತೇನೆ.